ಮೂಡುಬಿದಿರೆಯ ಡಾಕ್ಟ್ರು, ನಮ್ಮ ಹಟ್ಟಿಯ ಓಟಗಾರ್ತಿ

ನಮ್ಮ ಹಳೇ ನೋಟ್‌ಬುಕ್ಕಿನಲ್ಲಿ ಒಂದು ಸಾಲಿದೆ. ತಾಲ್ಲೂಕು ಮಟ್ಟದ ಕ್ರೀಡಾಕೂಟ, ಬಾಲಕಿಯರ 1500 ಮೀಟರ್ ಓಟ, ಮೊದಲ ಸ್ಥಾನ, ಪಕ್ಕದಲ್ಲಿ ಹುಡುಗಿಯ ಹೆಸರು, ಶಾಲೆಯ ಹೆಸರು. ಅಷ್ಟೇ. ಮರುದಿನ ಪೇಪರಿನಲ್ಲಿ ಬಂದದ್ದೂ ಅಷ್ಟೇ, ಎರಡು ಸಾಲು. ಫೋಟೊಗೆ ಜಾಗ ಇರಲಿಲ್ಲ. ಆ ಜಾಗದಲ್ಲಿ ಕೂಟ ಉದ್ಘಾಟಿಸಿದವರ ಫೋಟೊ ಇತ್ತು.

ಆ ಹುಡುಗಿ ಮೊಳಕಾಲ್ಮುರು ಕಡೆಯ ಒಂದು ಹಟ್ಟಿಯವಳು. ಬರಿಗಾಲಲ್ಲಿ ಓಡಿದಳು. ಎರಡನೆಯವಳು ಕೊನೆಯ ಸುತ್ತಿನ ತಿರುವಿನಲ್ಲಿದ್ದಾಗ ಇವಳು ಸುಣ್ಣದ ಗೆರೆ ದಾಟಿ, ಬೇವಿನ ಮರದ ಕೆಳಗೆ ಕೂತು ಅಂಗಾಲಿನ ಮುಳ್ಳು ತೆಗೆಯುತ್ತಿದ್ದಳು. ಇದು ಮಾತ್ರ ನಮಗೆ ಚೆನ್ನಾಗಿ ನೆನಪಿದೆ, ಆದರೆ ಬರೆಯಲಿಲ್ಲ.

ಒಂದು ವಾರ ಬಿಟ್ಟು, ಕರಾವಳಿ ಕಡೆ ತರಬೇತುದಾರರಾಗಿರುವ ನಮ್ಮ ಪರಿಚಯದವರಿಗೆ ಫೋನ್ ಮಾಡಿ ಅವಳ ವಿಷಯ ಹೇಳಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಟೈಮಿಂಗ್ ಎಷ್ಟು?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮೈದಾನದಲ್ಲಿ ಯಾರೂ ಟೈಮ್ ನೋಡಿರಲಿಲ್ಲ. ಯಾರು ಮೊದಲು, ಯಾರು ಎರಡನೆಯವರು ಎಂದು ಬರೆದುಕೊಂಡು ಎಲ್ಲರೂ ಊಟಕ್ಕೆ ಎದ್ದಿದ್ದರು. "ಟೈಮಿಂಗ್ ಗೊತ್ತಿದ್ರೆ ಹೇಳಿ, ಮೂಡುಬಿದಿರೆಗೆ ಕೇಳಿ ನೋಡೋಣ" ಎಂದು ಅವರು ಫೋನ್ ಇಟ್ಟರು.

ಮೂಡುಬಿದಿರೆ. ನಮ್ಮ ಕಡೆಯ ದೈಹಿಕ ಶಿಕ್ಷಣ ಮೇಷ್ಟ್ರುಗಳ ಬಾಯಲ್ಲಿ ಪದೇ ಪದೇ ಬರುವ ಊರು. ಚಳ್ಳಕೆರೆಯಿಂದ ಚಿತ್ರದುರ್ಗ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿ ಇಳಿದು ಹೋದರೆ ಸುಮಾರು 300 ಕಿ.ಮೀ. ಅಲ್ಲಿ ಒಬ್ಬರು ಡಾಕ್ಟ್ರು ಇದ್ದಾರೆ, ಓಡುವ ಮಕ್ಕಳನ್ನು ದತ್ತು ತಗೊಳ್ಳುತ್ತಾರೆ ಎಂಬುದು ನಮ್ಮಲ್ಲಿ ಎಲ್ಲರೂ ಕೇಳಿರುವ ಮಾತು. ಡಾಕ್ಟ್ರಿಗೂ ಓಟಕ್ಕೂ ಏನು ಸಂಬಂಧ? ಅದನ್ನು ತಿಳಿಯಲು ಹೊರಟಾಗ ಸಿಕ್ಕ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಓಟ ನಮಗೆ ಹೊಸದಲ್ಲ

ಮೊದಲು ನಮ್ಮ ಸೀಮೆಯ ಮಾತು. ಚಳ್ಳಕೆರೆ, ಮೊಳಕಾಲ್ಮುರು ಅಂದರೆ ಕಡಿಮೆ ಮಳೆ, ಶೇಂಗಾ, ಕುರಿ, ಕಂಬಳಿ, ರೇಷ್ಮೆ ಸೀರೆ. ಇಲ್ಲಿ ಕುರಿ ಹಿಂದೆ, ದನದ ಹಿಂದೆ ದಿನಕ್ಕೆ ಹತ್ತು ಹದಿನೈದು ಕಿ.ಮೀ. ನಡೆಯುವ ಮಕ್ಕಳು ಇವತ್ತಿಗೂ ಇದ್ದಾರೆ.

ಪುರ್ಲಹಳ್ಳಿಯ ವಸಲು ದಿನ್ನೆಯಲ್ಲಿ ನಡೆಯುವ ಕ್ಯಾತಪ್ಪನ ಪರಿಷೆ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಕಾಡುಗೊಲ್ಲರ ಹುಡುಗರು ಬರಿಗಾಲಲ್ಲಿ ಓಡಿ ಬಂದು, ಬಾರೆ ಮುಳ್ಳಿನಿಂದ ಕಟ್ಟಿದ ಗುಡಿಯನ್ನು ಹತ್ತಿ ಕಳಸ ಕೀಳುತ್ತಾರೆ. ಚಪ್ಪಲಿ ಹಾಕಿಕೊಂಡು ನಿಂತ ನಮಗೇ ನೋಡಿ ಮೈ ಜುಮ್ಮೆನ್ನುತ್ತದೆ.

ಹೀಗಾಗಿ ನಮ್ಮಲ್ಲಿ ಕಾಲಿಗೆ ಕೊರತೆ ಇಲ್ಲ, ಎದೆಗಾರಿಕೆಗೂ ಕೊರತೆ ಇಲ್ಲ. ಆದರೆ ಪರಿಷೆಯ ಓಟ ಆ ದಿನಕ್ಕೆ ಮುಗಿಯುತ್ತದೆ. ಟ್ರ್ಯಾಕಿನ ಓಟಕ್ಕೆ ವರ್ಷದ 365 ದಿನ ಊಟ, ನಿದ್ದೆ, ಅಭ್ಯಾಸ ಬೇಕು. ಅದನ್ನು ಯಾರು ಕೊಡುತ್ತಾರೆ ಎಂಬಲ್ಲಿಂದ ಡಾಕ್ಟ್ರ ಕಥೆ ಶುರುವಾಗುತ್ತದೆ.

ಮಿಜಾರಿನ ವೈದ್ಯ

ಮೂಡುಬಿದಿರೆ ದಕ್ಷಿಣ ಕನ್ನಡ ಜಿಲ್ಲೆಯ ಸಣ್ಣ ಊರು. ಜೈನಕಾಶಿ ಎಂದು ಹೆಸರು. ಸಾವಿರ ಕಂಬದ ಬಸದಿ ಇರುವ ಊರು. ಅದರ ಪಕ್ಕದ ಹಳ್ಳಿ ಮಿಜಾರು. ಡಾ. ಎಂ. ಮೋಹನ ಆಳ್ವ ಅಲ್ಲಿಯವರು. ಹೆಸರಿನ ಮುಂದಿರುವ 'ಎಂ' ಅಂದರೆ ಮಿಜಾರು. ತಂದೆ ಮಿಜಾರುಗುತ್ತು ಆನಂದ ಆಳ್ವರು ಕೃಷಿಕರು.

ಮೋಹನ ಆಳ್ವರು ಓದಿದ್ದು ಆಯುರ್ವೇದ. ಓದು ಮುಗಿಸಿ ದೊಡ್ಡ ಪಟ್ಟಣಕ್ಕೆ ಹೋಗಲಿಲ್ಲ, ಮೂಡುಬಿದಿರೆಯಲ್ಲೇ ವೈದ್ಯರಾಗಿ ಕೂತರು. ಸಣ್ಣ ಊರಿನ ಡಾಕ್ಟ್ರ ಬದುಕು ನಮಗೆಲ್ಲ ಗೊತ್ತು. ಬೆಳಗ್ಗೆ ಜ್ವರ, ಸಂಜೆ ಕೆಮ್ಮು, ನಡುವೆ ಊರಿನವರ ಎಲ್ಲ ಕಷ್ಟ ಸುಖ. ಯಾರ ಮನೆಯಲ್ಲಿ ಒಲೆ ಉರಿಯುತ್ತಿದೆ, ಯಾರ ಮನೆಯಲ್ಲಿಲ್ಲ ಎಂಬುದು ಡಾಕ್ಟ್ರಿಗೆ ಗೊತ್ತಿರುವಷ್ಟು ಊರಿನ ಗೌಡರಿಗೂ ಗೊತ್ತಿರುವುದಿಲ್ಲ.

ಗಮನಿಸಬೇಕಾದ ಸಂಗತಿ ಇದು: ಅವರು ಕಾಲೇಜು ಕಟ್ಟಿ ಆಮೇಲೆ ಕ್ರೀಡೆಗೆ ಬಂದವರಲ್ಲ. 1980ರ ದಶಕದಲ್ಲೇ ಮೂಡುಬಿದಿರೆಯಲ್ಲಿ 'ಏಕಲವ್ಯ' ಎಂಬ ಕ್ರೀಡಾ ಸಂಸ್ಥೆ ಕಟ್ಟಿ ಹುಡುಗರನ್ನು ಆಡಿಸುತ್ತಿದ್ದರು. ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಆರಂಭವಾದದ್ದು 1995ರಲ್ಲಿ. ಅಂದರೆ ಮೈದಾನ ಮೊದಲು ಬಂತು, ತರಗತಿ ಕೋಣೆ ಆಮೇಲೆ ಬಂತು. ಹೊರಗಿನ ಜನಕ್ಕೆ ಆಳ್ವಾಸ್ ಎಂದರೆ ನೆನಪಾಗುವುದು ವಿರಾಸತ್, 2004ರಲ್ಲಿ ಶುರುವಾದ ನುಡಿಸಿರಿ. ಓಡುವ ಮಕ್ಕಳ ಅಪ್ಪ ಅಮ್ಮಂದಿರಿಗೆ ನೆನಪಾಗುವುದು ಮಾತ್ರ ಬೇರೆ: ಹಾಸ್ಟೆಲ್.

ದತ್ತು ಎಂದರೇನು

ಆಳ್ವಾಸಿನಲ್ಲಿ 'ಕ್ರೀಡಾ ದತ್ತು ಯೋಜನೆ' ಎನ್ನುತ್ತಾರೆ. ಆಟದಲ್ಲಿ, ಓಟದಲ್ಲಿ ಮುಂದಿರುವ ಮಕ್ಕಳಿಗೆ ಓದು, ಹಾಸ್ಟೆಲ್, ಊಟ, ತರಬೇತಿ ಎಲ್ಲವೂ ಉಚಿತ. ಕೇಳಲು ಸುಲಭ. ಮಾಡಲು ಎಷ್ಟು ಕಷ್ಟ ಎಂಬುದು ನಮ್ಮೂರಿನ ಲೆಕ್ಕ ಹಾಕಿದರೆ ತಿಳಿಯುತ್ತದೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಹತ್ತನೇ ತರಗತಿವರೆಗೆ ಇದೆ. ಹಾಲು ಇದೆ, ಮೊಟ್ಟೆ ಇದೆ. ಪಿಯುಸಿಗೆ ಬಂದ ಕೂಡಲೇ ಅದು ನಿಂತುಹೋಗುತ್ತದೆ. ಓಡುವ ಹುಡುಗ ಹುಡುಗಿಯರ ಮೈ ಬೆಳೆಯುವುದು, ತರಬೇತಿ ಗಟ್ಟಿಯಾಗಬೇಕಾದದ್ದು 16ರಿಂದ 20ರ ವಯಸ್ಸಿನಲ್ಲಿ. ಊಟ ಹೆಚ್ಚಾಗಬೇಕಾದ ಹೊತ್ತಿನಲ್ಲೇ ತಟ್ಟೆ ಖಾಲಿಯಾಗುತ್ತದೆ. ತಾಲ್ಲೂಕು ಕೂಟದಲ್ಲಿ ಗೆದ್ದ ಎಷ್ಟೋ ಮಕ್ಕಳು ಪಿಯುಸಿ ಮೈದಾನದಲ್ಲಿ ಕಾಣದಿರುವುದಕ್ಕೆ ಇದೂ ಒಂದು ಕಾರಣ. ಮೂಡುಬಿದಿರೆಯ ಹಾಸ್ಟೆಲ್ ಸರಿಯಾಗಿ ಈ ವಯಸ್ಸಿನಲ್ಲಿ ಕೈ ಹಿಡಿಯುತ್ತದೆ.

ಕಾಲೇಜಿಗೆ ಇದರಿಂದ ಏನು ಲಾಭ ಎಂದು ಕೇಳಬಹುದು. ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ಕೂಟದಲ್ಲಿ ಪ್ರತಿ ಸ್ಪರ್ಧೆಗೂ ಅಂಕ ಇರುತ್ತದೆ. ಮೊದಲಿಗೆ ಇಷ್ಟು, ಎರಡನೆಯದಕ್ಕೆ ಇಷ್ಟು ಎಂದು ಕೂಡಿ, ಹೆಚ್ಚು ಅಂಕ ಬಂದ ಕಾಲೇಜಿಗೆ ಸಮಗ್ರ ಪ್ರಶಸ್ತಿ. ಒಬ್ಬ ಒಳ್ಳೆಯ ಓಟಗಾರ ಇದ್ದರೆ ಒಂದು ಪದಕ ಬರಬಹುದು. ಸಮಗ್ರ ಪ್ರಶಸ್ತಿ ಬೇಕಾದರೆ ಓಟ, ಜಿಗಿತ, ಎಸೆತ, ನಡಿಗೆ ಎಲ್ಲದಕ್ಕೂ ಮಕ್ಕಳಿರಬೇಕು. ಆ ಬಲ ವರ್ಷಗಟ್ಟಲೆ ಕಟ್ಟಿದ್ದರಿಂದಲೇ ಮಂಗಳೂರು ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ಎಂದರೆ ಆಳ್ವಾಸ್ ಎನ್ನುವ ಹಾಗಾಯಿತು.

ಸ್ವರಾಜ್ಯ ಮೈದಾನ

ಸಣ್ಣ ಊರು ದೊಡ್ಡ ಕೂಟವನ್ನು ಕರೆದು ತಂದದ್ದು 2015ರ ಜನವರಿಯಲ್ಲಿ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ನಡೆಯಿತು. ಆ ಮೈದಾನಕ್ಕೆ ಸಿಂಥೆಟಿಕ್ ಟ್ರ್ಯಾಕ್ ಬರಲು ಸರ್ಕಾರದ ಕೈಯೂ ಬೇಕಾಯಿತು. ಮೂಡುಬಿದಿರೆಯ ಶಾಸಕರಾಗಿದ್ದ ಕೆ. ಅಭಯಚಂದ್ರ ಜೈನ್ ಆ ದಿನಗಳಲ್ಲಿ ರಾಜ್ಯದ ಯುವಜನ ಸೇವೆ ಮತ್ತು ಕ್ರೀಡಾ ಸಚಿವರು. ಡಾಕ್ಟ್ರ ಉತ್ಸಾಹ ಎಷ್ಟೇ ಇದ್ದರೂ ಟ್ರ್ಯಾಕ್ ಒಬ್ಬರ ಕಿಸೆಯಿಂದ ಹುಟ್ಟುವ ವಸ್ತು ಅಲ್ಲ. ಇದನ್ನು ಮರೆಯಬಾರದು.

2020ರ ಜನವರಿಯಲ್ಲಿ ಅದೇ ಕೂಟದ 80ನೇ ಆವೃತ್ತಿ ಮತ್ತೆ ಅದೇ ಮೈದಾನಕ್ಕೆ ಬಂತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಆಳ್ವಾಸ್ ಸೇರಿ ನಡೆಸಿದವು. ಆರೋಗ್ಯದ ವಿಶ್ವವಿದ್ಯಾಲಯ ಓಟದ ಕೂಟಕ್ಕೆ ಆತಿಥೇಯ! ಮಂಗಳೂರು ವಿಶ್ವವಿದ್ಯಾಲಯವೇ ಸಮಗ್ರ ಪ್ರಶಸ್ತಿ ಗೆದ್ದಿತು.

ಆಳ್ವಾಸಿನಲ್ಲಿ ಓದಿದವರಲ್ಲಿ ದೇಶಕ್ಕೆ ಪರಿಚಯವಾದ ಒಂದು ಹೆಸರು ಧರುಣ್ ಅಯ್ಯಸಾಮಿ. ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ಹುಡುಗ. ಎಳೆ ವಯಸ್ಸಿನಲ್ಲೇ ಅಪ್ಪನನ್ನು ಕಳೆದುಕೊಂಡವನನ್ನು ಶಿಕ್ಷಕಿಯಾದ ತಾಯಿ ಬೆಳೆಸಿದರು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಭಾರತದ ರಿಲೇ ತಂಡದಲ್ಲಿದ್ದರು. 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ 400 ಮೀಟರ್ ಹರ್ಡಲ್ಸನ್ನು 48.96 ಸೆಕೆಂಡಿನಲ್ಲಿ ಓಡಿ ಬೆಳ್ಳಿ ಗೆದ್ದರು. 49 ಸೆಕೆಂಡಿನ ಒಳಗೆ ಓಡಿದ ಮೊದಲ ಭಾರತೀಯ ಅವರೇ.

ಅದೇ ಮಿಜಾರಿನ ಇನ್ನೊಬ್ಬ ಓಟಗಾರ

ಇಲ್ಲಿ ಒಂದು ಪ್ರಶ್ನೆ ನಮ್ಮನ್ನು ಕಾಡಿತು. ತಿರುಪ್ಪೂರಿನ ಹುಡುಗ ಮೂಡುಬಿದಿರೆಯಲ್ಲಿ ಓಡಿದರೆ ಅದು ಮೂಡುಬಿದಿರೆಯ ಗೆಲುವೇ? ದೇಶದ ಮೂಲೆ ಮೂಲೆಯಿಂದ ಒಳ್ಳೆಯ ಓಟಗಾರರನ್ನು ಕಲೆಹಾಕಿದರೆ ಯಾವ ಕಾಲೇಜಾದರೂ ಗೆಲ್ಲುತ್ತದಲ್ಲ ಎಂದು ಹೇಳುವವರು ನಮಗೆ ಸಿಕ್ಕಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ.

2020ರ ಫೆಬ್ರುವರಿ 1, ಅಂತರ ವಿಶ್ವವಿದ್ಯಾಲಯ ಕೂಟ ಮುಗಿದು ಒಂದು ತಿಂಗಳೂ ಆಗಿರಲಿಲ್ಲ. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ಯುವಕ ಕೋಣಗಳ ಜೊತೆ ಕೆಸರುಗದ್ದೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿ 9.55 ಸೆಕೆಂಡ್ ಎಂದರು. ಉಸೇನ್ ಬೋಲ್ಟ್ ದಾಖಲೆ 9.58. ನಿಮ್ಮ ಫೋನಿಗೂ ಆ ವಿಡಿಯೊ ಬಂದಿರಲೇಬೇಕು. ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಅವರನ್ನು ಬೆಂಗಳೂರಿಗೆ, ಕ್ರೀಡಾ ಪ್ರಾಧಿಕಾರದ ಟ್ರಯಲ್‌ಗೆ ಕರೆದರು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿನ ಕೆಲಸ, ಎರಡೂ ಬೇರೆ ಎಂಬುದು ಅವರ ಉತ್ತರ. ಕೋಣ ಎಳೆಯುವಾಗಿನ ವೇಗವನ್ನು ಒಂಟಿಯಾಗಿ ಓಡುವ ವೇಗದ ಜೊತೆ ಹೋಲಿಸಲು ಬರುವುದಿಲ್ಲ ಎಂಬುದೂ ನಿಜ.

ಈ ಶ್ರೀನಿವಾಸ ಗೌಡರ ಊರು ಮಿಜಾರಿನ ಅಶ್ವತ್ಥಪುರ. ಹೌದು, ಡಾಕ್ಟ್ರ ಊರೇ. ಒಂದೇ ಮಣ್ಣಿನಲ್ಲಿ ಎರಡು ಬಗೆಯ ಓಟ. ಒಂದಕ್ಕೆ ಕೋಣ, ಕೆಸರು, ಊರ ಜನರ ಕೇಕೆ. ಇನ್ನೊಂದಕ್ಕೆ ಟ್ರ್ಯಾಕ್, ಗಡಿಯಾರ, ಹಾಸ್ಟೆಲ್. ಮೊದಲನೆಯದಕ್ಕೆ ನೂರಾರು ವರ್ಷದ ಪೋಷಣೆ ಇದೆ. ಗುತ್ತಿನ ಮನೆಗಳು ಕೋಣ ಸಾಕಿದವು, ಗದ್ದೆ ಬಿಟ್ಟುಕೊಟ್ಟವು. ಎರಡನೆಯದಕ್ಕೆ ಹಾಗೆ ನಿಲ್ಲುವವರು ಇರಲಿಲ್ಲ. ಗುತ್ತಿನ ಮನೆಯಿಂದಲೇ ಬಂದ ಒಬ್ಬ ವೈದ್ಯರು ಆ ಜಾಗದಲ್ಲಿ ನಿಂತರು ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ. ಹೊರಗಿನ ಮಕ್ಕಳು ಬಂದರು ನಿಜ. ಅವರವರ ಊರಿನಲ್ಲಿ ನಿಲ್ಲುವವರು ಯಾರೂ ಇಲ್ಲದ್ದಕ್ಕೇ ಬಂದರು. ತಪ್ಪು ಕರೆದವರದ್ದು ಎನ್ನುವ ಮೊದಲು ಕಳಿಸಿದ ಊರಿನವರು ನಮ್ಮನ್ನೇ ಕೇಳಿಕೊಳ್ಳಬೇಕು.

ನೂರೆಪ್ಪತ್ತು ವರ್ಷ ಹಿಂದಿನ ಇನ್ನೊಬ್ಬ ಡಾಕ್ಟ್ರು

ಸಣ್ಣ ಊರಿನ ಡಾಕ್ಟ್ರು ಓಟದ ಹಿಂದೆ ಬಿದ್ದದ್ದು ಇದೇ ಮೊದಲಲ್ಲ. ಇಂಗ್ಲೆಂಡಿನಲ್ಲಿ ಮಚ್ ವೆನ್‌ಲಾಕ್ ಎಂಬ ಊರಿದೆ. ಮೊಳಕಾಲ್ಮುರಿಗಿಂತ ಚಿಕ್ಕದು. ಅಲ್ಲಿ 1809ರಲ್ಲಿ ಹುಟ್ಟಿದವರು ವಿಲಿಯಂ ಪೆನ್ನಿ ಬ್ರೂಕ್ಸ್. ಅಪ್ಪನೂ ಅದೇ ಊರಿನ ಡಾಕ್ಟ್ರು. ಮಗ ಲಂಡನ್, ಪ್ಯಾರಿಸ್, ಪಾದುವಾಗಳಲ್ಲಿ ಓದಿ, ಅಪ್ಪ ತೀರಿಕೊಂಡ ಮೇಲೆ 1831ರಲ್ಲಿ ಊರಿಗೆ ವಾಪಸ್ ಬಂದರು. 1895ರಲ್ಲಿ ಸಾಯುವ ತನಕ ಅಲ್ಲೇ ಇದ್ದರು. 64 ವರ್ಷ!

ಕೂಲಿಕಾರರು, ರೈತರು ಹೆಂಡದಂಗಡಿಯಲ್ಲಿ ಹೊತ್ತು ಕಳೆಯುವುದನ್ನು ನೋಡಿ ಅವರಿಗಾಗಿ 1841ರಲ್ಲಿ ಒಂದು ಪುಸ್ತಕ ಸಂಘ ಮಾಡಿದರು. 1850ರಲ್ಲಿ ಅದೇ ಸಂಘದ ಒಳಗೆ 'ಒಲಿಂಪಿಯನ್ ವರ್ಗ' ಶುರುವಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಮೊದಲ ಕೂಟ. ಓಟ, ಜಿಗಿತ, ಕ್ರಿಕೆಟ್, ಫುಟ್ಬಾಲ್ ಎಲ್ಲ ಇದ್ದವು. ನಗುವಿಗೂ ಜಾಗವಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಳ್ಳುಗಾಡಿ ಓಡಿಸುವ ಪಂದ್ಯ, ಮುದುಕಿಯರ ಓಟ. ಮುದುಕಿಯರಿಗೆ ಬಹುಮಾನ ಒಂದು ಪೌಂಡ್ ಚಹಾಪುಡಿ. ನಮ್ಮ ಊರ ಹಬ್ಬದ ಆಟಗಳೇ ಅಲ್ಲವೇ ಇವು?

ಬ್ರೂಕ್ಸ್ ಒಂದು ಮಾತಿನಲ್ಲಿ ಗಟ್ಟಿಯಾಗಿ ನಿಂತರು: ಕೂಟದಲ್ಲಿ ಯಾರು ಬೇಕಾದರೂ ಓಡಬಹುದು. ಆ ಕಾಲದ ಇಂಗ್ಲೆಂಡಿನಲ್ಲಿ ಇದು ಸಣ್ಣ ಮಾತಲ್ಲ. 1866ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಮೆಚೂರ್ ಅಥ್ಲೆಟಿಕ್ ಕ್ಲಬ್, ಕೈಕೆಲಸದವರು, ಕೂಲಿಕಾರರು ಓಟಗಾರರೇ ಅಲ್ಲ ಎಂದು ನಿಯಮ ಮಾಡಿತ್ತು. ಮೈ ಬಗ್ಗಿಸಿ ದುಡಿಯುವವನಿಗೆ ಮೈದಾನದ ಬಾಗಿಲು ಮುಚ್ಚಿತ್ತು. ಡಾಕ್ಟ್ರಿಗೆ ಇದು ಹಿಡಿಸಲಿಲ್ಲ. ಅದೇ 1866ರಲ್ಲಿ ಅವರೂ ಜೊತೆಗಾರರೂ ಸೇರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿ ರಾಷ್ಟ್ರೀಯ ಕೂಟ ನಡೆಸಿದರು. ಸುಮಾರು 10,000 ಜನ ಸೇರಿದ್ದರು. ಆ ಕೂಟದ ಹರ್ಡಲ್ಸ್ ಗೆದ್ದವರು 18ರ ಹುಡುಗ, ಮುಂದೆ ಕ್ರಿಕೆಟ್‌ನ ದೊಡ್ಡ ಹೆಸರಾದ ಡಬ್ಲ್ಯು. ಜಿ. ಗ್ರೇಸ್.

ನಮಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು ಸಂಗತಿ. ಶಾಲೆಯಲ್ಲಿ ವ್ಯಾಯಾಮ ಕಡ್ಡಾಯ ಮಾಡಿ ಎಂದು ಬ್ರೂಕ್ಸ್ ಸರ್ಕಾರದ ಬೆನ್ನು ಬಿದ್ದಿದ್ದರು. ಸುಮ್ಮನೆ ಭಾಷಣ ಮಾಡಲಿಲ್ಲ. 1871ರಲ್ಲಿ ತಮ್ಮೂರ ಶಾಲೆಯ 12 ಹುಡುಗರನ್ನು ಆರಿಸಿ, ಆರು ಜನರಿಗೆ ಬರೀ ಕವಾಯತು, ಇನ್ನಾರು ಜನರಿಗೆ ಕವಾಯತಿನ ಜೊತೆ ಕಸರತ್ತು ಮಾಡಿಸಿದರು. ಆರು ತಿಂಗಳು ಬಿಟ್ಟು ಟೇಪು ಹಿಡಿದು ಎಲ್ಲರ ಎದೆಯ ಸುತ್ತಳತೆ ಅಳೆದು ಬರೆದಿಟ್ಟರು. ಕಸರತ್ತು ಮಾಡಿದವರ ಎದೆ ಹೆಚ್ಚು ಹಿಗ್ಗಿತ್ತು. ಆ ಕಸರತ್ತಿನಲ್ಲಿ ಏನಿತ್ತು ಗೊತ್ತೇ? ನಮ್ಮ ಗರಡಿ ಮನೆಯ ಕರ್ಲಾಕಟ್ಟೆ! ಭಾರತದಿಂದ ಅಲ್ಲಿಗೆ ಹೋದ ವಸ್ತು ಅದು. ದುರ್ಗದ ಗರಡಿಗಳಲ್ಲಿ ಇವತ್ತಿಗೂ ತಿರುಗಿಸುತ್ತಾರೆ.

1890ರ ಅಕ್ಟೋಬರಿನಲ್ಲಿ ಫ್ರಾನ್ಸಿನ 27 ವರ್ಷದ ಯುವಕನೊಬ್ಬ ಈ 81 ವರ್ಷದ ಡಾಕ್ಟ್ರನ್ನು ನೋಡಲು ಬಂದ. ಹೆಸರು ಪಿಯರ್ ದ ಕೂಬರ್ತ್ಯಾಂ. ಊರಿನವರು ಅವನಿಗಾಗಿ ಕೂಟ ನಡೆಸಿ ತೋರಿಸಿದರು, ಅವನ ಹೆಸರಲ್ಲಿ ಒಂದು ಓಕ್ ಗಿಡ ನೆಟ್ಟರು. 1896ರ ಏಪ್ರಿಲಿನಲ್ಲಿ ಅಥೆನ್ಸಿನಲ್ಲಿ ನಡೆದ ಮೊದಲ ಆಧುನಿಕ ಒಲಿಂಪಿಕ್ಸಿನ ಹಿಂದಿದ್ದವನು ಈ ಯುವಕನೇ. ಬ್ರೂಕ್ಸ್ ಅದನ್ನು ನೋಡಲಿಲ್ಲ. ನಾಲ್ಕು ತಿಂಗಳ ಹಿಂದೆ, 1895ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಒಲಿಂಪಿಕ್ಸಿನ ನೆನಪು ಉಳಿದದ್ದು ಗ್ರೀಕರಿಂದಲ್ಲ, ಈ ಡಾಕ್ಟ್ರಿಂದ ಎಂದು ಕೂಬರ್ತ್ಯಾಂ ಮೊದಲೇ ಬರೆದಿದ್ದ. 2012ರ ಲಂಡನ್ ಒಲಿಂಪಿಕ್ಸಿನ ಒಂಟಿಕಣ್ಣಿನ ಗೊಂಬೆಗೆ 'ವೆನ್‌ಲಾಕ್' ಎಂದು ಹೆಸರಿಟ್ಟದ್ದು ಈ ಊರಿನ ನೆನಪಿಗೇ.

ಬೆಳಗಾವಿಯ ಚೌಗುಲೆ

ನಮ್ಮ ನಾಡಿನ ಮೊದಲ ದೊಡ್ಡ ಓಟವೂ ಹೀಗೇ ಯಾರೋ ನಿಂತು ನೋಡಿದ್ದರಿಂದ ಆದದ್ದು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಕೂಟದಲ್ಲಿ ಹಳ್ಳಿಯ ಹುಡುಗರು ಬರಿಗಾಲಲ್ಲಿ ಓಡುತ್ತಿದ್ದರು. ಕೂಟದ ಅಧ್ಯಕ್ಷರಾಗಿದ್ದ ದೊರಾಬ್ಜಿ ಟಾಟಾ ಅವರ ಟೈಮ್ ಗಮನಿಸಿದರು. ಯೂರೋಪಿನ ಓಟಗಾರರಿಗೆ ಇವರು ತೀರಾ ಹಿಂದಿಲ್ಲ ಎನಿಸಿತು. ಟಾಟಾ ತಮ್ಮ ಕಿಸೆಯಿಂದಲೂ ಹಣ ಹಾಕಿ, 1920ರಲ್ಲಿ ಬೆಲ್ಜಿಯಮ್ಮಿನ ಆಂಟ್ವರ್ಪ್ ಒಲಿಂಪಿಕ್ಸಿಗೆ ಒಂದು ಪುಟ್ಟ ತಂಡ ಕಳಿಸಲು ನೆರವಾದರು. ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನನ್ನು 2 ಗಂಟೆ 50 ನಿಮಿಷಕ್ಕೆ ಸ್ವಲ್ಪ ಮೇಲೆ ಮುಗಿಸಿ 19ನೆಯವರಾದರು.

ಟಾಟಾ ಡಾಕ್ಟ್ರಲ್ಲ, ಸಾಹುಕಾರರು. ಆದರೆ ಒಂದು ಗುಣ ಮೂವರಲ್ಲೂ ಒಂದೇ. ಚಪ್ಪಾಳೆ ತಟ್ಟಿ ಎದ್ದು ಹೋಗಲಿಲ್ಲ. ಅಳೆದರು, ಗುರುತು ಇಟ್ಟುಕೊಂಡರು, ಮರುದಿನದ ಊಟಕ್ಕೆ, ದಾರಿ ಖರ್ಚಿಗೆ ಏನು ಎಂದು ಯೋಚಿಸಿದರು.

ಡಾಕ್ಟ್ರ ಕಣ್ಣಿಗೆ ಕಾಣುವುದು

ಈ ವಿಷಯವನ್ನು ನಮ್ಮ ಕಡೆಯ ಒಬ್ಬ ಹಿರಿಯ ವೈದ್ಯರ ಜೊತೆ ಮಾತಾಡಿದೆವು. ಹೆಸರು ಬೇಡ ಎಂದರು. ಆ ಹಟ್ಟಿಯ ಹುಡುಗಿಯ ವಿಷಯ ಹೇಳಿದಾಗ ಅವರು ಕೇಳಿದ್ದು ಟೈಮಿಂಗ್ ಅಲ್ಲ. "ಹಿಮೋಗ್ಲೋಬಿನ್ ಎಷ್ಟಿದೆ?" ಎಂದರು.

ಅದಕ್ಕೂ ನಮ್ಮಲ್ಲಿ ಉತ್ತರ ಇರಲಿಲ್ಲ.

ಅವರು ವಿವರಿಸಿದರು. ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಹೆಣ್ಣುಮಕ್ಕಳಲ್ಲಿ ಅದು 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಅಂಥ ಹುಡುಗಿ 100 ಮೀಟರ್ ಹೇಗೋ ಓಡಬಹುದು, 1500 ಮೀಟರಿನ ಮೂರನೇ ಸುತ್ತಿಗೆ ಕಾಲು ಭಾರ ಆಗುತ್ತದೆ. ಮನೆಯವರು "ಇವಳಿಗೆ ತಾಕತ್ತಿಲ್ಲ" ಅನ್ನುತ್ತಾರೆ. ತಾಕತ್ತು ಇದೆ, ಕಬ್ಬಿಣಾಂಶ ಇಲ್ಲ.

ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಕಿಟಕಿಯಾಚೆ ಎಸೆಯುವುದನ್ನು ನಾವೇ ನೋಡಿದ್ದೇವೆ. ಡಾಕ್ಟ್ರು ಹೇಳಿದ್ದನ್ನು ಹಾಗೇ ಬರೆಯುತ್ತೇವೆ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಕೆಲವರಿಗೆ ಹೊಟ್ಟೆ ತೊಳೆಸುತ್ತದೆ, ಊಟವಾದ ಮೇಲೆ ನುಂಗಿ. ಊಟದ ಹಿಂದೆಯೇ ಟೀ ಕುಡಿಯಬೇಡಿ, ಅದು ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಸೊಪ್ಪಿನ ಸಾರಿಗೆ ನಿಂಬೆ ಹುಳಿ ಹಿಂಡಿ. ಶೇಂಗಾ ನಮ್ಮ ಹೊಲದಲ್ಲೇ ಇದೆ. ಎಣ್ಣೆ ಮಿಲ್ಲುಗಳಿಂದ ಹೆಸರಾದ ಊರು ಚಳ್ಳಕೆರೆ. ಅಲ್ಲಿ ಓಡುವ ಮಗುವಿಗೆ ದಿನಕ್ಕೊಂದು ಹಿಡಿ ಹುರಿದ ಶೇಂಗಾ ಸಿಗದಿದ್ದರೆ ಅದು ಬಡತನಕ್ಕಿಂತ ಮರೆವು ಎಂದರು.

ಮೂಡುಬಿದಿರೆಯ ದತ್ತು, ವೆನ್‌ಲಾಕಿನ ಟೇಪು ನಮಗೆ ಆಗ ಅರ್ಥವಾದವು. ಓಟವನ್ನು ಹುಮ್ಮಸ್ಸು ಎಂದು ನಾವು ನೋಡುತ್ತೇವೆ, ಡಾಕ್ಟ್ರು ಅದನ್ನು ಮೈ ಎಂದು ನೋಡುತ್ತಾರೆ. ಮೈಗೆ ದಿನವೂ ಹಸಿವಾಗುತ್ತದೆ. ಅದಕ್ಕೇ ಒಂದು ದಿನದ ಸನ್ಮಾನ, ಶಾಲು, ಹಾರದಿಂದ ಕೆಲಸ ಆಗುವುದಿಲ್ಲ. ಜೀವಮಾನವಿಡೀ ನಿಂತವರಿಗೆ ಮಾತ್ರ ಓಟಗಾರರು ಸಿಗುತ್ತಾರೆ.

ಮಗ್ಗದ ಪಕ್ಕ

ಕೊನೆಗೆ ಆ ಹುಡುಗಿಯ ಮನೆಗೆ ಹೋದೆವು. ಹೋಗುವುದು ತಡವಾಗಿತ್ತು. ಎರಡು ವರ್ಷ ಕಳೆದಿತ್ತು. ಅಪ್ಪ ಮಗ್ಗದಲ್ಲಿ ಕೂತಿದ್ದರು. ರೇಷ್ಮೆ ಸೀರೆಯ ಅಂಚು ಅರ್ಧ ಆಗಿತ್ತು. ಲಾಳಿ ನಿಲ್ಲಿಸದೆ ಮಾತಾಡಿದರು.

"ಕೂತ್ಕಳ್ರಿ ಸಾರ್. ಅವಳಾ? ಈಗ ಓಡಲ್ಲ ಬಿಡ್ರಿ. ಪಿಯುಸಿ ಎರಡನೇ ವರ್ಷ."

ಮೂಡುಬಿದಿರೆಯ ಮಾತು ತೆಗೆದೆವು. ಊಟ, ಹಾಸ್ಟೆಲ್, ಫೀಸು ಎಲ್ಲ ಅವರೇ ನೋಡ್ಕೋತಾರೆ ಯಜಮಾನ್ರೆ ಎಂದೆವು.

"ಅಷ್ಟು ದೂರ ಹೆಣ್ಮಗೂನ ಹೆಂಗ್ ಕಳ್ಸೋದು ಸಾರ್? ಘಟ್ಟದ ಕೆಳ್ಗೆ ನಮ್ಮೋರು ಯಾರವ್ರೆ? ಜ್ವರ ಬಂದ್ರೆ ಯಾರ್ ನೋಡ್ತಾರೆ? ಇಲ್ಲೇ ಚಳ್ಳಕೆರೆನಾಗೆ ಯಾರಾದ್ರೂ ನಿಂತ್ಕಂಡಿದ್ರೆ ಬೇರೆ ಮಾತು."

ಅವರ ಮಾತಿಗೆ ಎದುರು ಹೇಳಲು ನಮಗೆ ಬಾಯಿ ಬರಲಿಲ್ಲ. ಅವರು ಕೇಳಿದ್ದು ಮೂಡುಬಿದಿರೆಯನ್ನಲ್ಲ. ಚಳ್ಳಕೆರೆಯನ್ನು, ಮೊಳಕಾಲ್ಮುರನ್ನು, ನಮ್ಮನ್ನು.

ಹುಡುಗಿ ಒಳಗಿನಿಂದ ಟೀ ತಂದಳು. ಅವತ್ತಿನ ಓಟ ನೆನಪಿದೆಯಾ ತಾಯಿ ಎಂದು ಕೇಳಿದೆವು. "ನೆನಪೈತೆ ಸಾರ್. ನನ್ ಟೈಮ್ ಎಷ್ಟಿತ್ತು ಅಂತ ನಿಮಗೇನಾದ್ರೂ ಗೊತ್ತಾ?" ಎಂದಳು. ಎರಡು ವರ್ಷದಿಂದ ಅವಳೂ ಅದನ್ನೇ ಯೋಚಿಸುತ್ತಿದ್ದಳು ಎಂದು ಕಾಣುತ್ತದೆ.

ನಮ್ಮ ಪ್ರತಿ ಫೋನಿನಲ್ಲೂ ಸ್ಟಾಪ್‌ವಾಚ್ ಇದೆ. ಅವತ್ತೂ ಇತ್ತು. ಅದೇ ಫೋನಿನಲ್ಲಿ ಉದ್ಘಾಟನೆಯ ಫೋಟೊ ತೆಗೆದೆವು.

ಮಚ್ ವೆನ್‌ಲಾಕಿನ ಸಂಘದ ಹಳೆಯ ನಡಾವಳಿ ಪುಸ್ತಕಗಳು ಇವತ್ತಿಗೂ ಉಳಿದಿವೆಯಂತೆ. ನಮ್ಮ ತಾಲ್ಲೂಕು ಕೂಟಗಳಲ್ಲಿ ಮೂವತ್ತು ವರ್ಷದಿಂದ ಯಾರು ಎಷ್ಟು ಸೆಕೆಂಡಿನಲ್ಲಿ ಓಡಿದರು ಎಂದು ಕೇಳಿದರೆ ಒಂದು ಹಾಳೆಯೂ ನಮ್ಮ ಕೈಗೆ ಸಿಗಲಿಲ್ಲ. ಅಷ್ಟು ಮಕ್ಕಳು ಓಡಿದ್ದಾರೆ, ಗುರುತೇ ಇಲ್ಲ.

ಹಾಗಾಗಿ ಮುಂದಿನ ತಾಲ್ಲೂಕು ಕೂಟಕ್ಕೆ ನಾವು ಎರಡು ಕೆಲಸ ಇಟ್ಟುಕೊಂಡಿದ್ದೇವೆ. 800, 1500, 3000 ಮೀಟರ್ ಓಟಗಳ ಟೈಮನ್ನು ಫೋನಿನಲ್ಲಿ ಹಿಡಿದು, ಹೆಸರಿನ ಮುಂದೆ ಬರೆದು, ಮೈದಾನದಲ್ಲೇ ದೈಹಿಕ ಶಿಕ್ಷಣ ಶಿಕ್ಷಕರಿಗೂ ಮಗುವಿನ ಮನೆಯವರಿಗೂ ಕೊಡುವುದು. ಮೊದಲ ಮೂರು ಸ್ಥಾನದ ಮಕ್ಕಳನ್ನು ಮನೆಯವರ ಜೊತೆ ಆ ಹಿರಿಯ ವೈದ್ಯರ ಹತ್ತಿರ ಕರೆದೊಯ್ಯುವುದು. "ಭಾನುವಾರ ಬೆಳಗ್ಗೆ ಬನ್ನಿ, ರಕ್ತ ಪರೀಕ್ಷೆಗೆ ದುಡ್ಡು ಬೇಡ" ಎಂದು ಅವರು ಹೇಳಿದ್ದಾರೆ. ಒಂದು ವರ್ಷಕ್ಕೆ ಮಾತ್ರನಾ ಸಾರ್ ಎಂದು ಕೇಳಿದ್ದಕ್ಕೆ, "ನಾನು ಇರೋ ತನಕ" ಎಂದರು.

ನಿಮ್ಮ ಹಳ್ಳಿಯಲ್ಲಿ ಓಡುವ ಮಗು ಇದ್ದರೆ ಕೂಟದ ದಿನ ಮೈದಾನಕ್ಕೆ ಬನ್ನಿ. ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ. ಗಡಿಯಾರ ಹಿಡಿಯಲು ಇನ್ನೂ ನಾಲ್ಕು ಕೈ ಬೇಕು.